ತಕ್ಕಡಿ ಏರಿದ ಬಾಣಲೆ

ಈರುಳ್ಳಿ ಹುರಿಯುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ತೊಟ್ಟಿಲಲ್ಲಿರಬೇಕು, ಅವರಿಗೆ ಇನ್ನೂ ಸೌಟು ಹಿಡಿಯುವ ಶಕ್ತಿ ಬಂದಿಲ್ಲ. ಜಂಬಕ್ಕೆ ಹೇಳುವ ಮಾತಲ್ಲ ಇದು. ಜಂಬ ನನಗೆ ಚಿಕ್ಕಂದಿನಿಂದಲೂ ಆಗಿಬರುವುದಿಲ್ಲ. ನನ್ನ ವಿನಯವನ್ನು ನೋಡಿ ಬೀದಿಯ ನಾಯಿಗಳು ಕೂಡ ಬಾಲ ಮಡಚಿಕೊಂಡು ಪಾಠ ಕಲಿತಿವೆ. ಇಂಥ ನನ್ನನ್ನು ಒಂದು ಮೂಟೆ ತರಕಾರಿ ನುಂಗಿದ ಕಳ್ಳನೆಂದು ಗೇಟಿನಲ್ಲಿ ಹಿಡಿದು ನಿಲ್ಲಿಸಿದರು ಎಂದರೆ ನೀವು ನಂಬಲಾರಿರಿ. ನಿಲ್ಲಿಸಿದವನು ನನ್ನ ಸ್ವಂತ ಭಾಮೈದ ಎಂದರೆ ಮಾತ್ರ ನಂಬುತ್ತೀರಿ.

ನಾನು ಕೆಲಸ ಮಾಡುವುದು ಕಟ್ಟಡ ಸಾಮಾನಿನ ದೊಡ್ಡದೊಂದು ಗೋದಾಮಿನಲ್ಲಿ. ಪೈಪು ವಿಭಾಗ ನನ್ನ ಉಸ್ತುವಾರಿ. ಗೋದಾಮಿಗೆ ಒಂದೇ ಧರ್ಮ: ಹೊರಗೆ ಹೋದದ್ದು ಹೋದಷ್ಟೇ ತೂಕದಲ್ಲಿ ವಾಪಸ್ಸು ಬರಬೇಕು. ಅದಕ್ಕೆಂದೇ ಗೇಟಿನ ಪಕ್ಕದಲ್ಲಿ ನೆಲಕ್ಕೆ ಸಮನಾಗಿ ಹೂತಿಟ್ಟ ತಕ್ಕಡಿಯೊಂದಿದೆ, ತಟ್ಟೆ ಎತ್ತಿನಗಾಡಿ ನಿಲ್ಲುವಷ್ಟು, ಮುಳ್ಳು ನನ್ನ ತೋಳಿನಷ್ಟು. ಒಮ್ಮೆ ರಿಪೇರಿಗೆ ಹೋದ ಪಂಪೊಂದು ಹಗುರವಾಗಿ ವಾಪಸ್ಸು ಬಂತು. ಭಾರೀ ವಿಚಾರಣೆ ನಡೆಯಿತು. ಮೆಕ್ಯಾನಿಕ್ಕು ಅದರೊಳಗಿನ ಕೆಸರು ತೊಳೆದಿದ್ದನೆಂದು ಕೊನೆಗೆ ಗೊತ್ತಾಯಿತು. ಅವನಿಂದ ಅಷ್ಟೇ ಕೆಸರು ತರಿಸಿ, ಮತ್ತೆ ಪಂಪಿಗೆ ತುಂಬಿ, ತೂಕ ಸರಿಯಾದ ಮೇಲೆಯೇ ನಮ್ಮ ಮ್ಯಾನೇಜರು ಅಂದು ಊಟಕ್ಕೆ ಎದ್ದದ್ದು. ಪಂಪು ಇವತ್ತಿಗೂ ತಿರುಗುವುದಿಲ್ಲ. ತೂಕ ಮಾತ್ರ ಚಿನ್ನದಂತೆ ಸರಿಯಾಗಿದೆ.

ಈ ಗೋದಾಮಿನ ಮುಖ್ಯ ಉಗ್ರಾಣಿಕರು ಆಗ ನಿವೃತ್ತರಾಗುವವರಿದ್ದರು. ಅವರು ಕೂರುವ ಕುರ್ಚಿಗೆ ಎರಡು ಕೈಗಳು, ಮೆತ್ತೆ, ಕೆಳಗೆ ಚಕ್ರ. ಆ ಕುರ್ಚಿಗೆ ಇಬ್ಬರು ಕಾದಿದ್ದರು. ಒಬ್ಬ ನಾನು, ಅಂದರೆ ಯೋಗ್ಯ. ಇನ್ನೊಬ್ಬ ಬೋಲ್ಟು. ಮೊಳೆ ಮತ್ತು ಬೋಲ್ಟಿನ ವಿಭಾಗದವನಾದ್ದರಿಂದ ಅವನಿಗೆ ಆ ಹೆಸರು. ಎಷ್ಟು ತಿರುಗಿಸಿದರೂ ಅಲ್ಲೇ ಗಟ್ಟಿಯಾಗಿ ಕೂರುವ ಗುಣದಿಂದಾಗಿ ಹೆಸರು ಅವನಿಗೆ ಹೊಂದಿಕೊಂಡಿತ್ತು. ಕುರ್ಚಿ ನನ್ನದೇ ಎಂದು ನಾನು ಮನೆಯಲ್ಲಿ, ಬೀದಿಯಲ್ಲಿ, ಕ್ಷೌರದಂಗಡಿಯಲ್ಲಿ ಆಗಲೇ ಹೇಳಿಯಾಗಿತ್ತು. ಹೆಂಡತಿಯ ತವರಿನವರಿಗೂ ಸುದ್ದಿ ಹೋಗಿತ್ತು. ಇನ್ನು ಮ್ಯಾನೇಜರಿಗೆ ಹೇಳುವುದೊಂದೇ ಬಾಕಿ.

ಹಿರಿಯರ ಬೀಳ್ಕೊಡುಗೆಗೆ ಒಂದು ಊಟ ಎಂದು ತೀರ್ಮಾನವಾಯಿತು. ಮ್ಯಾನೇಜರಿಗೆ ಅದೇ ವಾರ ವೈದ್ಯರು ಬಾಯೊಳಗಿನ ಹಲ್ಲನ್ನೆಲ್ಲ ಕಿತ್ತು ಕೈಗೆ ಕೊಟ್ಟಿದ್ದರು. ಹೊಸ ಹಲ್ಲು ಬರುವುದಕ್ಕೆ ಇನ್ನೂ ಸಮಯವಿತ್ತು. ಮನುಷ್ಯ ಹಾಲು ಕುಡಿದು ಕುಡಿದು ಕರುವಿನಂತೆ ಸಿಡುಕುತ್ತಿದ್ದರು.

"ಅಗಿಯೋದು ಏನೂ ಬೇಡ. ಸೂಪು, ಸ್ಟ್ಯೂ, ಅಷ್ಟೇ," ಎಂದರು. "ಆದ್ರೆ ನಮ್ಮ ಕ್ಯಾಂಟೀನಿನಲ್ಲಿ ಕೊಡೋ ಆ ಬಿಸಿನೀರನ್ನ ಸೂಪು ಅಂತ ಕರೆಯೋಕೆ ನನ್ನ ನಾಲಿಗೆ ಏಳೋದಿಲ್ಲ."

ಕ್ಯಾಂಟೀನಿನವನು ಕೈಕಟ್ಟಿ ನಿಂತಿದ್ದ. "ತರಕಾರಿ ಹಾಕ್ತೀನಿ, ನೀರು ಹಾಕ್ತೀನಿ, ಉಪ್ಪು ಹಾಕ್ತೀನಿ. ಇನ್ನೇನು ಸಾರ್, ಮುತ್ತು ಪುಡಿ ಮಾಡಿ ಹಾಕ್ಬೇಕಾ?"

ಅಲ್ಲಿ ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಆದರೆ ಪ್ರಪಂಚಕ್ಕೆ ಆಗುತ್ತಿದ್ದ ನಷ್ಟವನ್ನು ನೋಡಿಕೊಂಡಿರುವ ಕಲ್ಲೆದೆ ನನಗಿಲ್ಲ.

"ಬುನಾದಿ ಇಲ್ಲ ಸಾರ್ ಅವನ ಸೂಪಿಗೆ," ಎಂದೆ. "ಮನೆ ಕಟ್ಟೋ ಸಾಮಾನು ಮಾರೋರು ನಾವು. ಬುನಾದಿ ಇಲ್ದೇ ಗೋಡೆ ಎಬ್ಬಿಸಿದ್ರೆ ಏನಾಗುತ್ತೆ? ಈರುಳ್ಳಿ, ಕ್ಯಾರೆಟ್ಟು, ಸೆಲರಿ ದಂಟು. ಮೂರನ್ನೂ ಸಣ್ಣಗೆ, ಒಂದೇ ಅಳತೆಗೆ ಹೆಚ್ಚಬೇಕು. ಬೆಣ್ಣೆ ಹಾಕಿ, ಸಣ್ಣ ಉರಿ ಇಟ್ಟು, ಮಗೂನ ಮಲಗಿಸೋ ಹಾಗೆ ಕೈಯಾಡಿಸ್ತಾ ಕೂರಬೇಕು. ಕೆಂಪಗಾಗಬಾರದು, ಮೆತ್ತಗಾಗ್ಬೇಕು. ಆಮೇಲೆ ಅದಕ್ಕೆ ನೀರು ಹಾಕಿದ್ರೆ ಸೂಪು, ಆಲೂಗಡ್ಡೆ ಹಾಕಿದ್ರೆ ಸ್ಟ್ಯೂ. ಚಪ್ಪಲಿ ಹಾಕಿದ್ರೂ ಜನ ಎರಡನೇ ಸಲ ಬಡಿಸ್ಕೋತಾರೆ."

ಮ್ಯಾನೇಜರ ಬಾಯಲ್ಲಿ ನೀರೂರಿದ್ದನ್ನು ನಾನು ಕಂಡೆ, ತಡೆಯುವುದಕ್ಕೆ ಹಲ್ಲಿರಲಿಲ್ಲವಲ್ಲ.

"ಇದನ್ನೆಲ್ಲ ಎಲ್ಲಿ ಕಲಿತ್ರಿ ಗುರುಗಳೇ?" ಎಂದು ಬೋಲ್ಟು ಕೇಳಿದ.

ನನ್ನ ಹೆಂಡತಿ ರಜಾ ದಿನ ಸೂಪಿಗೆ ಹುರಿಯುವಾಗ ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಪೇಪರು ಓದಿದವನು ನಾನು. ಇದಕ್ಕಿಂತ ದೊಡ್ಡ ವಿದ್ಯಾಭ್ಯಾಸ ಯಾರಿಗೆ ದಕ್ಕಿದೆ? "ವಂಶದಿಂದ ಬಂದದ್ದು," ಎಂದೆ.

"ಎಷ್ಟು ತರಕಾರಿ ಬೇಕಾಗುತ್ತೆ?"

"ಒಂದು ಮೂಟೆ," ಎಂದೆ. ಮೂಟೆಗಿಂತ ಕಡಿಮೆ ಹೇಳಿದರೆ ವಂಶಕ್ಕೆ ಅವಮಾನ.

ಕ್ಯಾಂಟೀನಿನ ಒಲೆಗೆ ಸಣ್ಣ ಉರಿ ಗೊತ್ತಿಲ್ಲ, ಹೊತ್ತಿದರೆ ಕಮ್ಮಾರನ ಕುಲುಮೆ. ಹಾಗಾಗಿ ಬುನಾದಿಯನ್ನು ನಾನು ಮನೆಯಲ್ಲಿ ಮಾಡಿ ತರುವುದು, ಕ್ಯಾಂಟೀನಿನವನು ಅದರ ಮೇಲೆ ಸೂಪು ಎಬ್ಬಿಸುವುದು ಎಂದಾಯಿತು. ಊಟದ ಹಿಂದಿನ ದಿನ ಬೆಳಗ್ಗೆಯೇ ಕ್ಯಾಂಟೀನಿನ ಮೂಟೆ ತಕ್ಕಡಿಯ ಮೇಲೆ ಕುಳಿತಿತು. ಗೇಟು ಕಾಯುವ ನನ್ನ ಭಾಮೈದ ಮುಳ್ಳು ನೋಡಿ, ತಕ್ಕಡಿಯ ಹಲಗೆಯ ಮೇಲೆ ಸೀಮೆಸುಣ್ಣದಿಂದ ತೂಕ ಗೀಚಿದ. ಈ ಕೆಲಸವನ್ನು ಅವನಿಗೆ ಕೊಡಿಸಿದವನು ನಾನೇ. ಹೆಂಡತಿಯ ತಮ್ಮ, ಮನೆಯಲ್ಲಿ ಬಿದ್ದುಕೊಂಡು ನನ್ನ ಉಪ್ಪಿನಕಾಯಿ ಖಾಲಿ ಮಾಡುತ್ತಿದ್ದ. ಅಂದಿನಿಂದ ದಿನವೂ ಸಂಜೆ ಎಲ್ಲರಿಗಿಂತ ಮೊದಲು ನನ್ನ ಚೀಲವನ್ನೇ ಬಿಚ್ಚಿಸಿ ತನ್ನ ಕೃತಜ್ಞತೆ ತೋರಿಸುತ್ತಿದ್ದಾನೆ.

ಮನೆಗೆ ಮೂಟೆ ಬಂದದ್ದನ್ನು ಕಂಡು ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು.

"ಏನ್ರೀ ಇದು? ಕುರ್ಚಿ ತರ್ತೀನಿ ಅಂತ ಹೋಗಿ ಈರುಳ್ಳಿ ತಂದಿದೀರಿ."

"ಇದು ಕುರ್ಚಿಯ ಮೊದಲ ಕಂತು," ಎಂದು ನಾನು ಗಂಭೀರವಾಗಿ ಹೇಳಿದೆ. "ನೀನು ಸುಮ್ನೆ ಕೂತ್ಕೊ. ನಾನೇ ಎಲ್ಲಾ ಮಾಡ್ತೀನಿ."

"ಮಾಡಿ," ಎಂದಳು. ನಿಜವಾಗಿ ಕುಳಿತೇಬಿಟ್ಟಳು. ಮದುವೆಯಾದಾಗಿನಿಂದ ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಮೊದಲ ಈರುಳ್ಳಿ ಹೆಚ್ಚಿ ಮುಗಿಸುವಷ್ಟರಲ್ಲಿ ನನ್ನ ಕಣ್ಣೀರಿಗೆ ಬಚ್ಚಲಿನ ತೂಬು ಕಟ್ಟಿಕೊಂಡಿತು. ಹೆಂಡತಿಗೆ ಕರುಣೆ ಬಂದು, ಮಹಡಿಯ ಮೇಲಿನ ಟೀಚರಮ್ಮನನ್ನು, ಎದುರುಮನೆಯ ನರ್ಸಮ್ಮನನ್ನು ಕರೆದಳು. ಚಾಕು ಹಿಡಿದು ಎಲ್ಲರೂ ಹಜಾರದಲ್ಲಿ ವೃತ್ತವಾಗಿ ಕುಳಿತು ಹೆಚ್ಚತೊಡಗಿದರು. ಎಲ್ಲರಿಗೂ ಬಿಕ್ಕಳಿಕೆ, ಎಲ್ಲರ ಮೂಗೂ ಕೆಂಪು. ಆ ಹೊತ್ತಿಗೆ ಕೆಳಗಿನ ದರ್ಜಿ ಮೆಟ್ಟಿಲು ಹತ್ತಿ ಬಂದ. ಬಾಗಿಲಲ್ಲಿ ನಿಂತು ಅಳುವ ಹೆಂಗಸರನ್ನು ನೋಡಿದ, ನಡುವೆ ತಲೆ ತಗ್ಗಿಸಿ ಕೂತ ನನ್ನ ಹೆಂಡತಿಯನ್ನು ನೋಡಿದ, ಒಳಗೆ ಅಡುಗೆಮನೆಯಲ್ಲಿದ್ದ ನನ್ನನ್ನು ನೋಡಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

"ಎಷ್ಟು ಹೊತ್ತಿಗೆ ಹೋಗಿದ್ದಮ್ಮಾ?"

"ಬೆಳಗ್ಗೆನೇ ಶುರುವಾಯ್ತಣ್ಣಾ," ಎಂದಳು ನನ್ನ ಹೆಂಡತಿ ಮೂಗು ಒರೆಸುತ್ತ.

"ಒಳ್ಳೇ ಮನುಷ್ಯ. ಬಾಯಿ ಸ್ವಲ್ಪ ದೊಡ್ಡದು, ಅಷ್ಟೇ."

ನಾನು ಬಾಣಲೆ ಹಿಡಿದು ಹೊರಗೆ ಬಂದೆ. ದರ್ಜಿ ಗೋಡೆಗೆ ಒರಗಿದ. ಆಮೇಲೆ ಅವನ ಟೋಪಿಯನ್ನು ತಲೆಗೇರಿಸಿ, ಕೈಗೂ ಒಂದು ಚಾಕು ಕೊಟ್ಟೆವು.

ಬಾಡಿಗೆಗೆ ತಂದ ಆ ಬಾಣಲೆಯಲ್ಲಿ ಒಂದು ಎಮ್ಮೆಗೆ ಸ್ನಾನ ಮಾಡಿಸಬಹುದಿತ್ತು. ಬೆಣ್ಣೆ ಕರಗಿತು. ತರಕಾರಿ ಗುಡ್ಡದಂತೆ ಬಾಣಲೆಯ ಅಂಚು ಮೀರಿ ನಿಂತಿತು. ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಲು ಶುರುಮಾಡಿದೆ. ಪರಿಮಳ ಮೊದಲು ನಮ್ಮ ಮನೆ ತುಂಬಿತು, ಆಮೇಲೆ ಮೆಟ್ಟಿಲಿಳಿಯಿತು, ಆಮೇಲೆ ಬೀದಿಗೆ ಹೋಗಿ ಬಸ್ಸು ನಿಲ್ಲಿಸಿತು. ಚಾಲಕ ಇಳಿದು ಬಂದು ಯಾವ ಮನೆ ಎಂದು ವಿಚಾರಿಸಿಕೊಂಡು ಹೋದನೆಂದು ದರ್ಜಿ ಇವತ್ತಿಗೂ ಆಣೆ ಇಟ್ಟು ಹೇಳುತ್ತಾನೆ. ಆಣೆ ಇಡಲು ಹೇಳಿದವನು ನಾನೇ ಆದರೂ ವಿಷಯ ಸುಳ್ಳಾಗುವುದಿಲ್ಲ.

ಆಗ ನನ್ನ ಕಣ್ಣಿಗೆ ಒಂದು ಘೋರ ದೃಶ್ಯ ಬಿತ್ತು. ಗುಡ್ಡ ಕುಸಿದಿತ್ತು. ಅಂಚು ಮೀರಿದ್ದ ತರಕಾರಿ ಅಂಚಿಗೆ ಇಳಿದಿತ್ತು. ಕೈಯಾಡಿಸಿದಂತೆಲ್ಲ ಇನ್ನೂ ಇಳಿಯಿತು. ಗೋದಾಮಿನಲ್ಲಿ ತಲೆ ಹಣ್ಣು ಮಾಡಿಕೊಂಡ ನನಗೆ ಇದರ ಅರ್ಥ ತಿಳಿಯದೇ? ನಾನು ಬಾಗಿಲ ಚಿಲಕ ಹಾಕಿದೆ.

"ಟೀಚರಮ್ಮ, ತಪ್ಪು ತಿಳ್ಕೋಬೇಡಿ. ನಿಮ್ಮ ಕೈಚೀಲ ಒಮ್ಮೆ ಬಿಚ್ತೀರಾ?"

"ಯಾಕೆ?"

"ಸುಮ್ನೆ. ದರ್ಜಿಯಣ್ಣ, ನಿನ್ನ ಟೋಪಿ ಕೂಡ."

ಟೀಚರಮ್ಮನ ಚೀಲದಲ್ಲಿ ಕನ್ನಡಕವಿತ್ತು. ಟೋಪಿಯೊಳಗೆ ದರ್ಜಿಯ ಬೋಳು ತಲೆ ಇತ್ತು. ಹೆಂಡತಿ ಕುಳಿತಲ್ಲಿಂದಲೇ ಮಾತಾಡಿದಳು.

"ಏನ್ರೀ, ನೀರು ಕಣ್ರೀ. ತರಕಾರಿ ಮೈಯಲ್ಲಿರೋ ನೀರೆಲ್ಲಾ ಆವಿಯಾಗಿ ಹೋಗುತ್ತೆ. ಒಂದು ಮೂಟೆ ಹಾಕಿದ್ರೆ ಒಂದು ಡಬ್ಬ ಉಳಿಯುತ್ತೆ. ಬಾಗಿಲಲ್ಲಿ ಪೇಪರು ಓದೋವಾಗ ಆ ಪುಟ ಬಂದಿರಲಿಲ್ವಾ?"

"ಗೊತ್ತು," ಎಂದೆ. "ಇವರಿಗೆ ಗೊತ್ತಿದೆಯಾ ಅಂತ ಪರೀಕ್ಷೆ ಮಾಡ್ದೆ. ಆದ್ರೆ ಮೂಟೆ ಕೊಟ್ಟವರು ಮೂಟೆ ಕೇಳ್ತಾರಲ್ಲ. ಕೊನೆಗೆ ಒಂದೆರಡು ಬಿಂದಿಗೆ ನೀರು ಹುಯ್ದು ತೂಕ ಸರಿ ಮಾಡಿದ್ರೆ ಹೇಗೆ?"

"ಒಂದು ಹನಿ ನೀರು ಹಾಕಿ ನೋಡಿ. ಸೌಟು ಬಾಣಲೆಯಲ್ಲಿರಲ್ಲ, ನಿಮ್ಮ ನೆತ್ತಿ ಮೇಲಿರುತ್ತೆ."

ಮಾರನೆಯ ದಿನ ನಾನು ಒಂದು ಮುಚ್ಚಳದ ಡಬ್ಬ ಹಿಡಿದು ಗೇಟಿಗೆ ಬಂದೆ. ಭಾಮೈದ ಡಬ್ಬವನ್ನು ನೋಡಿದ. ನನ್ನ ಬೆನ್ನ ಹಿಂದೆ ನೋಡಿದ. ಬೀದಿಯ ತುದಿಯವರೆಗೂ ಕಣ್ಣು ಹಾಯಿಸಿದ.

"ಭಾವ, ಮೂಟೆ ಎಲ್ಲಿ?"

"ಇದೇ ಕಣೋ."

ಅವನು ಡಬ್ಬವನ್ನು ತಕ್ಕಡಿಯ ಮೇಲಿಟ್ಟ. ಅಷ್ಟು ದೊಡ್ಡ ಮುಳ್ಳು ನಿದ್ದೆಯಲ್ಲಿ ಹೊರಳಿದವರ ಹಾಗೆ ಒಂಚೂರು ಅಲುಗಿ ನಿಂತಿತು.

"ಸಿಪ್ಪೆ?"

"ಬಿಸಾಕಿದ್ವಿ."

"ಸಿಪ್ಪೇನೂ ತರಲಿಲ್ಲ," ಎಂದ ಭಾಮೈದ, ಈಗ ಸಂಬಂಧವೆಲ್ಲ ಕಳಚಿಟ್ಟ ದನಿಯಲ್ಲಿ. "ಇಲ್ಲೇ ನಿಂತಿರಿ. ಅಲುಗಬೇಡಿ. ಭಾವ ಅಂತ ಬಿಡೋಕಾಗಲ್ಲ."

"ಲೋ, ನಿಮ್ಮ ಅಕ್ಕನ್ನ ಕೇಳೋ."

"ಅಕ್ಕ ನಿಮ್ಮ ಕಡೆ ಸಾಕ್ಷಿ. ನಡೆಯಲ್ಲ."

ಸುದ್ದಿ ಮೊಳೆ ವಿಭಾಗಕ್ಕೆ ತಲುಪಿದ ವೇಗ ನೋಡಿದ್ದರೆ ಗಾಳಿ ನಾಚಿಕೊಳ್ಳುತ್ತಿತ್ತು. ಬೋಲ್ಟು ಓಡಿ ಬಂದ. ಬರುವಾಗಲೇ ಮುಖಕ್ಕೆ ದುಃಖ ಹಚ್ಚಿಕೊಂಡು ಬಂದಿದ್ದ.

"ಛೇ, ಗುರುಗಳೇ. ಪೈಪು ವಿಭಾಗದಲ್ಲಿ ಈಗ ಎಷ್ಟು ಪೈಪು ಉಳಿದಿದೆಯೋ ಅಂತ ನನಗೆ ಚಿಂತೆ."

ಡಬ್ಬಕ್ಕೆ ಅರಗಿನ ಮುದ್ರೆ ಬಿತ್ತು. ನಾನು, ಡಬ್ಬ, ಭಾಮೈದ, ಬೋಲ್ಟು ಎಲ್ಲರೂ ಮೆರವಣಿಗೆಯಲ್ಲಿ ಮ್ಯಾನೇಜರ ಕೋಣೆಗೆ ಹೋದೆವು. ನಿವೃತ್ತರಾಗುವ ಹಿರಿಯರು ಕೂಡ ಅಲ್ಲಿ ಕುಳಿತಿದ್ದರು, ತಮ್ಮ ಕೊನೆಯ ದಿನಕ್ಕೆ ಇಂಥ ಮನರಂಜನೆ ಸಿಕ್ಕಿತಲ್ಲ ಎಂಬ ತೃಪ್ತಿಯಿಂದ.

"ಎಲ್ಲಿ ಹೋಯ್ತು?" ಎಂದು ಮ್ಯಾನೇಜರು ಕೇಳಿದರು.

"ಆವಿ ಆಯ್ತು ಸಾರ್."

ಮ್ಯಾನೇಜರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಹಿಂದೆ ಒಬ್ಬ ಇದ್ದ. ತಾಮ್ರದ ತಂತಿ ಬಿಸಿಲಿಗೆ ಆವಿ ಆಯ್ತು ಅಂದ. ಅವನಿಗೆ ಈಗ ಎರಡು ಮಹಡಿ ಮನೆ ಇದೆ. ಮನೆ ತುಂಬಾ ತಾಮ್ರದ ಪಾತ್ರೆ."

"ಇದು ತರಕಾರಿ ಸಾರ್."

"ಅವನೂ ತಂತಿ ಅಂದ," ಎಂದರು ಮ್ಯಾನೇಜರು. "ನೋಡಿ, ಮಧ್ಯಾಹ್ನ ಊಟ ಆದ್ಮೇಲೆ ಕುರ್ಚಿ ಯಾರಿಗೆ ಅಂತ ನಾನು ಹೇಳ್ಬೇಕು. ಒಂದು ಮೂಟೆ ಈರುಳ್ಳಿಗೆ ಲೆಕ್ಕ ಇಲ್ದೋರ ಕೈಗೆ ಇಡೀ ಗೋದಾಮಿನ ಬೀಗದ ಕೈ ಹೇಗ್ರೀ ಕೊಡೋದು?"

ಕುರ್ಚಿಯ ಚಕ್ರಗಳು ಬೋಲ್ಟಿನ ಕಡೆಗೆ ಉರುಳುವ ಸದ್ದು ನನ್ನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು. ಬೇರೆಯವರಾಗಿದ್ದರೆ ಕಾಲಿಗೆ ಬೀಳುತ್ತಿದ್ದರು. ನಾನು ಎದೆಯುಬ್ಬಿಸಿದೆ.

"ಸಾರ್, ಕಣ್ಣೆದುರಿಗೇ ಮಾಡಿ ತೋರಿಸ್ತೀನಿ. ಒಲೆ, ಬಾಣಲೆ, ತರಕಾರಿ ಎಲ್ಲಾ ತಕ್ಕಡಿ ಮೇಲೇ ಇಡಿ. ಮುಳ್ಳೇ ಹೇಳಲಿ."

ಹಾಗೇ ಆಯಿತು. ಭಾಮೈದನ ಕೋಣೆಯಲ್ಲಿ ಚಹಾ ಕಾಯಿಸುವ ಪುಟ್ಟ ಒಲೆ ಬಂತು, ಕ್ಯಾಂಟೀನಿನ ಬಾಣಲೆ ಬಂತು, ಅಲ್ಲಿ ಮಿಕ್ಕಿದ್ದ ಈರುಳ್ಳಿ, ಕ್ಯಾರೆಟ್ಟು, ಸೆಲರಿ ಬಂತು. ಬಣ್ಣದ ವಿಭಾಗ, ತಂತಿ ವಿಭಾಗ, ಲಾರಿಯಿಂದ ಸಾಮಾನು ಇಳಿಸುವವರು, ಗೋದಾಮಿಗೆ ಗೋದಾಮೇ ತಕ್ಕಡಿಯ ಸುತ್ತ ನೆರೆಯಿತು. ಕೀಲು ಕೊಳ್ಳಲು ಬಂದ ಗಿರಾಕಿಯೊಬ್ಬ ಕೀಲು ಮರೆತು ಮುಂದಿನ ಸಾಲಿನಲ್ಲಿ ಜಾಗ ಹಿಡಿದ. ಬೆಣ್ಣೆ ಕರಗಿತು, ತರಕಾರಿ ಬಿತ್ತು, ಮುಳ್ಳು ನಿಂತಿತು. ನಾನು ಸೌಟು ಎತ್ತಿದೆ.

"ನಿಲ್ಲಿ," ಎಂದ ಬೋಲ್ಟು. "ಅವರು ಸೌಟು ಮುಟ್ಟಬಾರದು ಸಾರ್. ಒತ್ತಿ ಎತ್ತಿ ಮುಳ್ಳನ್ನ ಆಟ ಆಡಿಸ್ತಾರೆ. ಕೈ ಒಳಗೆ ಹೋದ್ರೆ ಬರೋವಾಗ ಬರಿದಾಗಿ ಬರುತ್ತೆ ಅಂತ ಏನು ನಂಬಿಕೆ?"

"ಕೈಯಾಡಿಸದೇ ಇದ್ರೆ ತಳ ಹಿಡಿಯುತ್ತೆ," ಎಂದೆ.

"ತಳ ಹಿಡಿದ್ರೆ ನನಗೆ ಊಟ ಇಲ್ಲ," ಎಂದರು ಮ್ಯಾನೇಜರು, ಮೂಗು ಆಗಲೇ ಬಾಣಲೆಯ ಕಡೆ ವಾಲಿತ್ತು. "ಬೋಲ್ಟು, ನೀವೇ ಸೌಟು ಹಿಡೀರಿ. ಅದಕ್ಕೂ ಮೊದಲು ಜೇಬು ತೋರಿಸಿ."

ಭಾಮೈದ ಬೋಲ್ಟಿನ ಜೇಬುಗಳನ್ನೆಲ್ಲ ಹೊರಕ್ಕೆಳೆದು ಆನೆಯ ಕಿವಿಯಂತೆ ಇಳಿಬಿಟ್ಟ. ತೋಳು ಮಡಿಸಿದ. ಬಾಯಿ ತೆರೆಸಿ ನಾಲಿಗೆಯ ಕೆಳಗೂ ನೋಡಿದ. ಎಲ್ಲಿಯೂ ಏನೂ ಇಲ್ಲವೆಂದು ಗಟ್ಟಿಯಾಗಿ ಸಾರಿದ.

ಬೋಲ್ಟಿಗೆ ಅಡುಗೆಯ ಗಂಧವೂ ಇರಲಿಲ್ಲ. ಸಿಮೆಂಟು ಕಲಸುವ ಹಾಗೆ ಸೌಟನ್ನು ತಿರುವಿದ, ಉರಿಯನ್ನು ಪೂರ್ತಿ ಏರಿಸಿದ. ಈರುಳ್ಳಿಯ ಅಂಚು ಕಂದತೊಡಗಿತು. ಇನ್ನೊಂದು ಗಳಿಗೆ ನಾನು ಆಕಾಶ ನೋಡುತ್ತ ನಿಂತಿದ್ದರೆ ಸಾಕಿತ್ತು. ಬುನಾದಿ ಕರಿ, ಮ್ಯಾನೇಜರ ಹೊಟ್ಟೆ ಖಾಲಿ, ಬೋಲ್ಟಿನ ಹಣೆಬರಹ ಬಾಣಲೆಯಲ್ಲೇ ಸುಟ್ಟು ಮುಗಿಯುತ್ತಿತ್ತು. ಆದರೆ ಈರುಳ್ಳಿ ಕಂದುವುದನ್ನು ನೋಡಿಕೊಂಡು ನಾನು ಸುಮ್ಮನಿರುವುದೇ?

"ಉರಿ ಇಳಿಸಯ್ಯಾ ಮಾರಾಯ. ಅದು ಈರುಳ್ಳಿ, ನಿನ್ನ ವೈರಿ ಅಲ್ಲ. ಹಾಂ, ಹಾಗೆ. ತಳದಿಂದ ಎತ್ತು, ಮೇಲಿನದು ಕೆಳಗೆ ಹೋಗಲಿ. ಜಜ್ಜಬೇಡ. ಒಂಚೂರು ಉಪ್ಪು ಹಾಕು, ನೀರು ಬಿಡುತ್ತೆ. ಆ ಸದ್ದು ಕೇಳಿಸ್ತಾ? ಚಟಪಟ ಅಲ್ಲ, ಪಿಸುಪಿಸು ಅನ್ಬೇಕು."

ಬೋಲ್ಟು ಹೇಳಿದ ಹಾಗೆ ಮಾಡಿದ. ಹಬೆ ಎದ್ದು ಅವನ ಕನ್ನಡಕ ಮಬ್ಬಾಯಿತು. ಸ್ವಲ್ಪ ಹೊತ್ತಿಗೆ ಅವನ ಮುಖವೇ ಬದಲಾಯಿತು. ಬಾಣಲೆಯೊಳಗೆ ಯಾರೋ ಅವನ ಹೆಸರು ಹಿಡಿದು ಕರೆಯುತ್ತಿದ್ದಾರೆ ಎನ್ನುವ ಹಾಗೆ ಬಗ್ಗಿ ನೋಡತೊಡಗಿದ.

"ಈಗ ಉರಿ ಆರಿಸ್ಲಾ?" ಎಂದು ಮೆತ್ತಗೆ ಕೇಳಿದ.

"ತಾಳು. ಈರುಳ್ಳಿ ಗಾಜಿನ ಹಾಗೆ ಆಗ್ಲಿ."

"ಮುಳ್ಳು ಇಳೀತಿದೆ," ಎಂದು ಯಾರೋ ಪಿಸುಗುಟ್ಟಿದರು.

ಎಲ್ಲರೂ ಮುಳ್ಳನ್ನು ನೋಡಿದರು. ನಿಜವಾಗಿ ಇಳಿಯುತ್ತಿತ್ತು. ಯಾರೂ ಬಾಣಲೆಯ ಹತ್ತಿರ ಇರಲಿಲ್ಲ, ಬೋಲ್ಟೊಬ್ಬನನ್ನು ಬಿಟ್ಟು. ಅವನ ಜೇಬುಗಳು ಹೊರಗೆ ಜೋತಿದ್ದವು. ಕೀಲಿನ ಗಿರಾಕಿ ಟೋಪಿ ತೆಗೆದು ಎದೆಗೊತ್ತಿಕೊಂಡ. ಭಾಮೈದ ತಕ್ಕಡಿಯ ಪಕ್ಕದಲ್ಲಿ ಬೋರಲು ಮಲಗಿ ಅಂಚಿನ ಬಿರುಕಿನಲ್ಲಿ ಇಣುಕಿದ, ಯಾವನಾದರೂ ಕೆಳಗಿನಿಂದ ಎಳೆಯುತ್ತಿದ್ದಾನೋ ಎಂದು. ಮುಳ್ಳು ಇಳಿದು, ಇಳಿದು, ಸಾಕೆನಿಸಿ ನಿಂತಿತು. ಬಾಣಲೆಯ ತಳದಲ್ಲಿ ಮೆತ್ತಗೆ, ಹೊಳೆಯುತ್ತ, ಒಂದು ಬೊಗಸೆ ಬುನಾದಿ.

ನಾನು ಸುತ್ತ ನೋಡಿದೆ. ಗೆದ್ದವನು ಹೇಗೆ ನೋಡಬೇಕೋ ಹಾಗೆ ನೋಡಿದೆ. ಚಪ್ಪಾಳೆ ಕೂಡ ಬಿತ್ತು. ಮೊದಲು ಹೊಡೆದವನು ನಾನೇ ಎಂದು ಕೆಲವರು ಹೇಳುವುದುಂಟು.

ಊಟ ಭರ್ಜರಿಯಾಯಿತು. ಮುದ್ರೆ ಒಡೆದು ನನ್ನ ಡಬ್ಬವನ್ನೂ ಸೇರಿಸಿದ್ದರು. ಮ್ಯಾನೇಜರು ಸೂಪಿನ ಬಟ್ಟಲನ್ನು ಎತ್ತಿ, ತಟ್ಟಿ, ಒಳಗಿನ ಬಣ್ಣ ಹೋಗುವ ತನಕ ಬಳಿದು ತಿಂದರು. ಮತ್ತೆ ತರಿಸಿದರು. ಹಿರಿಯರು ನಿವೃತ್ತಿಯನ್ನು ಒಂದು ತಿಂಗಳು ಮುಂದೂಡಲು ಆಗುತ್ತದೆಯೇ ಎಂದು ಕೇಳಿದರು. ಕೊನೆಗೆ ಮ್ಯಾನೇಜರು ಬಾಯಿ ಒರೆಸಿಕೊಂಡು ಎದ್ದು ನಿಂತರು. ನಾನು ಕೂಡ ಅರ್ಧ ಎದ್ದೆ.

"ಎರಡು ವಿಷಯ ಸಾಬೀತಾಯ್ತು," ಎಂದರು. "ಒಂದು, ಇವರು ಕದ್ದಿಲ್ಲ."

ನಾನು ತಲೆಬಾಗಿದೆ.

"ಎರಡು, ಇವರ ಕೈಗೆ ಕೊಟ್ಟ ಸಾಮಾನು ಕಡಿಮೆಯಾಗುತ್ತೆ. ಕದ್ದು ಕಡಿಮೆಯಾದ್ರೆ ಹಿಡೀಬಹುದು, ಪೊಲೀಸರಿದ್ದಾರೆ. ಕದಿಯದೇನೇ ಕಡಿಮೆ ಮಾಡೋರನ್ನ ಯಾರು ಹಿಡೀತಾರೆ? ಇಂಥವರ ಕೈಗೆ ಗೋದಾಮು ಕೊಟ್ರೆ ಒಂದು ವರ್ಷಕ್ಕೆ ಒಂದು ಡಬ್ಬ ಉಳಿಯುತ್ತೆ."

"ಸಾರ್," ಎಂದೆ, ಅರ್ಧ ಎದ್ದವನು ಹಾಗೇ ನಿಂತು. "ಸೌಟು ಬೋಲ್ಟಿನ ಕೈಯಲ್ಲಿತ್ತು. ಕಡಿಮೆ ಮಾಡಿದ್ದು ಅವನು."

"ಹೇಳಿಕೊಟ್ಟಿದ್ದು ನೀವು. ಎಲ್ಲರೂ ಕೇಳಿಸ್ಕೊಂಡ್ರು. ಉರಿ ಇಳಿಸು, ಉಪ್ಪು ಹಾಕು, ನೀರು ಬಿಡಿಸು. ಅಷ್ಟು ವಿವರವಾಗಿ ಹೇಳದೇ ಇದ್ದಿದ್ರೆ ನಾನೂ ಯೋಚನೆ ಮಾಡ್ತಿದ್ದೆ. ಇನ್ನು ಬೋಲ್ಟು ಅವರ ಜೇಬನ್ನ ಗೋದಾಮಿಗೆ ಗೋದಾಮೇ ನೋಡಿದೆ, ಖಾಲಿ. ಇಲ್ಲಿ ಅಂಥ ಇನ್ನೊಬ್ಬರು ಯಾರಿದ್ದಾರೆ, ಕೈ ಎತ್ತಿ ನೋಡೋಣ."

ಒಂದು ಕೈಯೂ ಏಳಲಿಲ್ಲ. ಕೆಲವರು ಇದ್ದ ಕೈಯನ್ನೂ ಜೇಬಿಗೆ ಹಾಕಿಕೊಂಡರು. ಕುರ್ಚಿ ಬೋಲ್ಟಿಗೆ ಹೋಯಿತು. ನನ್ನ ಕೈಗೆ, ಕಡಿಮೆಯಾಗಲೇಬೇಕಾದ ಪದಾರ್ಥಗಳಿರುವ ಏಕೈಕ ಜಾಗವೆಂದು, ಕ್ಯಾಂಟೀನನ್ನು ಒಪ್ಪಿಸಿದರು. ಕ್ಯಾಂಟೀನಿನವನನ್ನು ಪೈಪು ವಿಭಾಗಕ್ಕೆ ಕಳಿಸಿದರು. ಅವನಿಗೆ ಖುಷಿಯೋ ಖುಷಿ. "ಪೈಪಿಗೆ ಬರೀ ನೀರು ಬಿಟ್ರೆ ಸಾಕು. ಯಾವ ಪೈಪೂ ಬುನಾದಿ ಕೇಳಲ್ಲ," ಎಂದು ನನ್ನ ಕೈ ಕುಲುಕಿ ಹೋದ.

ಸಂಜೆ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಇದ್ದಳು. ಟೀಚರಮ್ಮ, ನರ್ಸಮ್ಮ, ದರ್ಜಿ ಮೆಟ್ಟಿಲ ಮೇಲೆ ಸಾಲಾಗಿ ಕುಳಿತಿದ್ದರು.

"ಕುರ್ಚಿ ಬಂತಾ?" ಎಂದ ದರ್ಜಿ.

"ಒಂದು ಕುರ್ಚಿಯಲ್ಲಿ ಏನಿದೆ?" ಎಂದೆ. "ಕುರ್ಚಿಯಲ್ಲಿ ಯಾರು ಬೇಕಾದ್ರೂ ಕೂರ್ತಾರೆ. ನನಗೆ ಇಡೀ ಇಲಾಖೆಯನ್ನೇ ವಹಿಸಿದ್ದಾರೆ. ಸ್ವತಂತ್ರ ಇಲಾಖೆ. ಮ್ಯಾನೇಜರ ಪ್ರಾಣವೇ ಇನ್ನು ನನ್ನ ಕೈಯಲ್ಲಿ."

"ತಮ್ಮ ಬಂದು ಎಲ್ಲಾ ಹೇಳಿ ಹೋದ," ಎಂದಳು ಹೆಂಡತಿ.

"ಗೇಟು ಕಾಯೋನಿಗೆ ಆಡಳಿತದ ವಿಷಯ ಏನು ಗೊತ್ತು?"

"ಗೊತ್ತಿಲ್ಲ ಬಿಡಿ." ಅವಳು ಪಕ್ಕಕ್ಕೆ ಸರಿದು ದಾರಿ ಕೊಟ್ಟಳು. ಅಡುಗೆಮನೆಯ ಬಾಗಿಲಲ್ಲಿ ನಾನು ಪೇಪರು ಓದುವ ಜಾಗದಲ್ಲಿ ಈಗ ಅವಳ ಚಾಪೆ ಹಾಸಿತ್ತು. ಚಾಪೆಯ ಮೇಲೆ ಅವತ್ತಿನ ಪೇಪರು, ಅವಳ ಕನ್ನಡಕ. ಒಳಗೆ ಹಲಗೆಯ ಮೇಲೆ ಚಾಕು, ಪಕ್ಕದಲ್ಲಿ ಒಂದು ಬುಟ್ಟಿ ಈರುಳ್ಳಿ. "ಇಷ್ಟು ದೊಡ್ಡ ಇಲಾಖೆ ನಡೆಸೋರು ನೀವು. ಮನೇದೊಂದು ಸಣ್ಣ ಶಾಖೆ, ಅದೂ ಇವತ್ತಿಂದ ನಿಮಗೇ ಸೇರ್ತು. ಹೆಚ್ಚೋಕೆ ಶುರುಮಾಡಿ. ಇವರೆಲ್ಲ ಊಟಕ್ಕೆ ಇಲ್ಲೇ ಇರ್ತಾರೆ."

ನಾನು ತೋಳು ಮಡಿಸಿ, ಮೆಟ್ಟಿಲ ಮೇಲಿದ್ದವರಿಗೆಲ್ಲ ಕೇಳುವಂತೆ, ಈ ಹೆಚ್ಚುವರಿ ಹೊಣೆಯನ್ನು ಸಂತೋಷದಿಂದ ಒಪ್ಪಿಕೊಂಡೆ. ಒಂದೇ ದಿನದಲ್ಲಿ ಎರಡು ಬಡ್ತಿ ಪಡೆದವರು ನಮ್ಮ ಬೀದಿಯಲ್ಲಿ ಬೇರೆ ಯಾರಿದ್ದಾರೆ, ಹೇಳಿ ನೋಡೋಣ.